ಮಾವನವರ ಮಹಾಯುದ್ಧಕ್ಕೆ ನಾನು ಬರೆದ ವಿಮರ್ಶೆ

ನನ್ನ ಮಾವನವರ ಕತೆ ಅಚ್ಚಾದ ಮಂಗಳವಾರ ಬೆಳಗಿನ ಬಸ್ಸಿನಿಂದ ಇಬ್ಬರು ಸೇನಾಧಿಪತಿಗಳು, ಒಬ್ಬಳು ವಿಜ್ಞಾನಿ ಮತ್ತು ಒಬ್ಬ ಕಾವಲುಗಾರ ನಮ್ಮೂರಲ್ಲಿ ಇಳಿದರು. ಸೇನಾಧಿಪತಿಗಳು ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಸೀಟಿನ ಎರಡು ತುದಿಗೆ ಕುಳಿತು ಬಂದಿದ್ದರಂತೆ. ಕಂಡಕ್ಟರನಿಗೆ ಅದರಿಂದೇನೂ ತೊಂದರೆಯಾಗಿರಲಿಲ್ಲ. ಅವನ ತಕರಾರು ಇದ್ದದ್ದು ಅವರ ಆಯುಧಗಳ ಬಗ್ಗೆ. ಬೆಂಕಿಯ ಕಿರಣ ಉಗುಳುವ ಆ ಉದ್ದನೆಯ ಕೊಳವೆಗಳು ಜನರ ಕಾಲಿಗೆ ಅಡ್ಡ ಬರುತ್ತವೆಂದು ಅವನು ಅವನ್ನು ಬಸ್ಸಿನ ಮೇಲೆ, ಕೋಳಿಬುಟ್ಟಿಗಳ ನಡುವೆ ಹಾಕಿಸಿದ್ದ. ಇಳಿದ ಮೇಲೆ ಕೆಂಪು ಮೇಲಂಗಿಯ ಸೇನಾಧಿಪತಿ ತನ್ನ ಕೊಳವೆಯೊಳಗಿಂದ ಪುಕ್ಕ ತೆಗೆಯುತ್ತ ನಿಂತಿದ್ದನ್ನು ನಾನೇ ನೋಡಿದೆ.

ನಮ್ಮೂರಲ್ಲಿ ಹೀಗೆ. ಇಲ್ಲಿಯ ವಾರಪತ್ರಿಕೆ ‘ಕಟ್ಟೆ ಸಮಾಚಾರ’ದಲ್ಲಿ ಯಾವ ಕತೆ ಬರುತ್ತದೋ ಅದರೊಳಗಿನ ಮಂದಿ ಆ ದಿನ ಬೆಳಗಿನ ಬಸ್ಸಿಗೆ ಬರುತ್ತಾರೆ. ಎಲ್ಲರೂ ಅಲ್ಲ, ಹೆಸರಿದ್ದವರು ಇಲ್ಲವೇ ಒಂದಾದರೂ ಮಾತು ಆಡಿದವರು ಮಾತ್ರ. ಮಾವನವರು ತಮ್ಮ ಕತೆಯಲ್ಲಿ ಹತ್ತು ಸಾವಿರ ಯೋಧರನ್ನು ಬರೆದಿದ್ದರು. ಅವರಲ್ಲಿ ಯಾರಿಗೂ ಬಾಯಿ ಕೊಟ್ಟಿರಲಿಲ್ಲವಾದ್ದರಿಂದ ಊರು ಉಳಿಯಿತು. ಬಂದವರು ಕತೆಗೆ ವಿಮರ್ಶೆ ಬರುವವರೆಗೆ ಛತ್ರದಲ್ಲಿ ಇರುತ್ತಾರೆ, ವಿಮರ್ಶೆ ಅಚ್ಚಾದ ದಿನ ಮಧ್ಯಾಹ್ನದ ಬಸ್ಸು ಹತ್ತುತ್ತಾರೆ. ಮಕ್ಕಳ ಕತೆಯಲ್ಲಿ ಕರಡಿ, ಹುಲಿ ಬಂದರೆ ಮಾತ್ರ ಅದೇ ದಿನ ವಿಶೇಷ ಸಂಚಿಕೆ ತೆಗೆದು ವಿಮರ್ಶೆ ಹಾಕುವ ಪದ್ಧತಿ ಇದೆ. ವಿಮರ್ಶೆಯಲ್ಲಿ ಬಯ್ಯಲೇಬೇಕೆಂದಿಲ್ಲ, ಹೊಗಳಲೇಬೇಕೆಂದೂ ಇಲ್ಲ. ಬರೆದವರ ಮನಸ್ಸಿನಲ್ಲಿ ಏನಿತ್ತೋ ಅದು ಇರಬೇಕು. ಇಲ್ಲದಿದ್ದರೆ ಹೋದವರು ಸಂಜೆಯ ಬಸ್ಸಿಗೆ ಮರಳಿ ಬರುತ್ತಾರೆ. ಸರಿಯಾದ ವಿಮರ್ಶೆ ಬರದೆ ಅಮಾವಾಸ್ಯೆ ಹತ್ತಿರ ಬಂತೋ, ಅವರು ಮಸುಕಾಗುತ್ತ ಹೋಗುತ್ತಾರೆ, ಅಮಾವಾಸ್ಯೆ ದಾಟಿದರೆ ಉಳಿಯುವುದಿಲ್ಲ. ಹಿಂದೊಮ್ಮೆ ವಿಮರ್ಶಕರಿಗೆ ವಿಷಮಶೀತ ಜ್ವರ ಬಂದು, ಅವರು ಹಾಸಿಗೆಯಿಂದ ಏಳುವಷ್ಟರಲ್ಲಿ ಒಂದು ಕತೆಯ ಅಜ್ಜನ ಪೈಕಿ ಛತ್ರಿಯೊಂದೇ ಉಳಿದಿತ್ತು.

ಈಗ ವಿಮರ್ಶೆ ಬರೆಯುವವಳು ನಾನು, ಮಂದಾಕಿನಿ. ಊರ ಗ್ರಂಥಾಲಯದಲ್ಲಿ ನನ್ನ ಕೆಲಸ. ನನಗಿಂತ ಮೊದಲು ಬರೆಯುತ್ತಿದ್ದ ಹೆಡ್‌ಮಾಸ್ತರರಿಗೆ ಯಾವ ಕತೆಯೂ ಸೇರುತ್ತಿರಲಿಲ್ಲ, ಯಾವ ಕತೆಗಾರನೂ ಅವರೊಂದಿಗೆ ಮಾತಾಡುತ್ತಿರಲಿಲ್ಲ, ಕಡೆಗೆ ಅವರು ವರ್ಗ ಮಾಡಿಸಿಕೊಂಡು ಹೋದರು. “ನೀವು ಮೆತ್ತಗ ಹೇಳ್ತೀರಿ, ನೀವ ಬರೀರಿ,” ಎಂದು ಸಂಪಾದಕ ಕೊಟ್ರಯ್ಯನವರು ನನ್ನನ್ನು ಹಿಡಿದರು. ಮೆತ್ತಗೆ ಹೇಳುವುದು ಕಷ್ಟವೂ ಆಗಿರಲಿಲ್ಲ. ನಮ್ಮೂರ ಕತೆಗಾರರು ಬಹಳ ಹುಷಾರಿನವರು. ಮರಳಿ ಹೋದವರಿಗೆ ಅಲ್ಲಿ ಕತೆಯಲ್ಲಿ ಬರೆದದ್ದೇ ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಮ್ಮೆ ಒಬ್ಬರು ಮದುಮಗಳನ್ನು ಕೊನೆಯಲ್ಲಿ ಜ್ವರದಿಂದ ಸಾಯಿಸಿದ್ದಕ್ಕೆ ಹಾಲಿನವಳು ಅವರ ಮನೆಗೆ ಹಾಲು ಹಾಕುವುದನ್ನೇ ಬಿಟ್ಟಳು. ಆಮೇಲೆ ಅವರು ಬರೆದ ಎಲ್ಲ ಕತೆಗಳೂ ನಾಮಕರಣದಲ್ಲೇ ಮುಗಿದವು.

ಇಂಥ ಊರಲ್ಲಿ ನನ್ನ ಮಾವ ರಾಚಪ್ಪನವರು ಯುದ್ಧದ ಕತೆ ಬರೆದರು. ಅದೂ ಶನಿಗ್ರಹದ ಬಳೆಯ ಮೇಲೆ ನಡೆಯುವ ಯುದ್ಧ. ಅವರು ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಅವರಿಗೆ ಆಕಾಶದ ಹುಚ್ಚು ಹತ್ತಿತು. ಗ್ರಂಥಾಲಯದಲ್ಲಿದ್ದ ಗ್ರಹತಾರೆಗಳ ಪುಸ್ತಕಗಳನ್ನೆಲ್ಲ ನನ್ನ ಕೈಯಲ್ಲೇ ತರಿಸಿಕೊಂಡು ಓದಿದರು, ಯಾವುದನ್ನೂ ಹೊತ್ತಿಗೆ ಸರಿಯಾಗಿ ಮರಳಿಸಲಿಲ್ಲ. ಕತೆ ಕೊಟ್ಟುಬಂದ ದಿನ ನನ್ನನ್ನು ಕರೆದು, “ಮಂದಾ, ಮಾವ ಬರದಾನಂತ ಮುಲಾಜು ಮಾಡಬ್ಯಾಡ. ನಿನ್ನ ಮನಸ್ಸಿಗೆ ಏನ ಅನಸ್ತದ ಅದನ್ನ ಬರಿ,” ಎಂದರು. ಎಂದ ಮೇಲೆ, “ಚಲೋ ಅನಸ್ತದ, ನೋಡು ಬೇಕಾದ್ರ,” ಎಂದು ಸೇರಿಸಿದರು. ನನ್ನ ಗಂಡ ಪಂಪ್‌ಸೆಟ್ಟುಗಳ ವ್ಯಾಪಾರದವರು. ಅಪ್ಪನ ಕತೆ ಅಚ್ಚಾಗುತ್ತದೆಂದು ತಿಳಿದ ಕೂಡಲೇ ಅವರಿಗೆ ಪರವೂರಲ್ಲಿ ಬಹಳ ಕೆಲಸ ಬಂತು.

ಛತ್ರಕ್ಕೆ ಆಗ ಸುಣ್ಣ ಹೊಡೆಯುತ್ತಿದ್ದರು. ಬರೆದವರ ಮನೆಯಲ್ಲೇ ಇರಲಿ ಎಂದು ಊರವರು ತೀರ್ಮಾನಿಸಿ ನಾಲ್ವರನ್ನೂ ನಮ್ಮ ಮನೆಗೆ ತಂದುಬಿಟ್ಟರು. ಅತ್ತೆ ನೀಲಗಂಗವ್ವ ಬಾಗಿಲಲ್ಲಿ ನಿಂತು, “ಬಡಿಗಿ, ಕೋಲು, ಕತ್ತಿ ಏನಿದ್ರೂ ದನದ ಮನ್ಯಾಗ ಇಟ್ಟು ಕಾಲು ತೊಳಕೊಂಡು ಒಳಗ ಬರ್ರಿ,” ಎಂದರು. ನೀಲಿ ಮೇಲಂಗಿಯ ಸೇನಾಧಿಪತಿ ವಜ್ರಕೇತು ಎದೆಯುಬ್ಬಿಸಿ, “ತಾಯೇ, ಯೋಧನು ಆಯುಧವನ್ನು ತ್ಯಜಿಸಿದರೆ ಅವನ ಕೀರ್ತಿಗೆ ಕಳಂಕವಲ್ಲವೇ?” ಎಂದ. “ಕಳಂಕ ಹತ್ತಿದ್ರ ಹಿತ್ತಲದಾಗ ನೀರೈತಿ, ತೊಳಕೊಳ್ಳಪ್ಪಾ,” ಎಂದರು ಅತ್ತೆ. ಅವನು ಹೋಗಿ ಇಟ್ಟು ಬಂದ.

ನಾಲ್ವರೂ ಹೀಗೆ ಪುಸ್ತಕದ ಭಾಷೆಯಲ್ಲೇ ಮಾತಾಡುತ್ತಿದ್ದರು, ಮಾವನವರು ಹಾಗೆ ಬರೆದಿದ್ದರಿಂದ. ಅವರ ರೂಪವೂ ಬರೆದಷ್ಟೇ. ವಜ್ರಕೇತುವಿನ ವರ್ಣನೆ ಒಂದು ಪುಟದಷ್ಟಿತ್ತು. ಅವನ ಹುಬ್ಬಿನ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಾಣುತ್ತಿತ್ತು. ಕೆಂಪು ಸೇನೆಯ ಉಲ್ಕಾಸೇನನ ಬಗ್ಗೆ ‘ಸದಾ ಕ್ರೂರ ನಗೆ ನಗುವವನು’ ಎಂದು ಮಾತ್ರ ಬರೆದಿದ್ದರು. ಪಾಪ, ಅವನು ಮಜ್ಜಿಗೆ ಕೇಳುವಾಗಲೂ ಕ್ರೂರವಾಗಿ ನಗುತ್ತಿದ್ದ. ಬೇಕೆಂದರೂ ನಿಲ್ಲಿಸಲು ಆಗುತ್ತಿರಲಿಲ್ಲ. ವಿಜ್ಞಾನಿ ವಿದ್ಯುಲ್ಲತೆಗೆ ಮಿಂಚಿನಂಥ ಕಣ್ಣುಗಳನ್ನು ಕೊಟ್ಟಿದ್ದರು. ಸಂಜೆ ಕರೆಂಟು ಹೋದಾಗ ಅತ್ತೆ ಅವಳನ್ನು ಒಲೆಯ ಹತ್ತಿರ ಕೂಡಿಸಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಕಾವಲುಗಾರನಿಗೆ ಹೆಸರೂ ಇರಲಿಲ್ಲ, ವರ್ಣನೆಯೂ ಇರಲಿಲ್ಲ. ಅವನ ಮುಖ ನೋಡಿ ಆಚೆ ತಿರುಗಿದರೆ ಮರೆತುಹೋಗುತ್ತಿತ್ತು. ‘ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ’ ಎಂದು ಕತೆಯಲ್ಲಿ ಇದ್ದದ್ದರಿಂದ ಮಟಮಟ ಬಿಸಿಲಲ್ಲೂ ಕೈ ಉಜ್ಜುತ್ತಿದ್ದ. ಅತ್ತೆ ದಿನಾ ಬೆಳಿಗ್ಗೆ, “ಯಾರಪ್ಪಾ ನೀನು, ಯಾರ ಪೈಕಿ?” ಎಂದು ಕೇಳುವರು. ಅವನು ಬೇಸರಿಸದೆ, “ಕಾವಲುಗಾರನು, ತಾಯೇ,” ಎನ್ನುವನು. ಆಮೇಲೆ ಅತ್ತೆ ಗುರುತಿಗೆಂದು ಮಾವನವರ ಹಳೆಯ ಗೀಟಿನ ಅಂಗಿ ಕೊಟ್ಟರು.

ಎರಡು ಸೇನೆಗಳ ನಡುವೆ ನಡುಮನೆಯ ಕಂಬವನ್ನು ಗಡಿಯೆಂದು ಗೊತ್ತುಮಾಡಿದೆವು. ಊಟದ ಹೊತ್ತಿಗೆ ಇಬ್ಬರು ಸೇನಾಧಿಪತಿಗಳೂ ಕಂಬದ ಆಚೆ ಈಚೆ ಕೂತು ಒಬ್ಬರನ್ನೊಬ್ಬರು ನಾಶಮಾಡುವ ಪ್ರತಿಜ್ಞೆ ಮಾಡಿ, ಆಮೇಲೆ ರೊಟ್ಟಿಗೆ ಕೈ ಹಾಕುತ್ತಿದ್ದರು. ಮೂರನೆಯ ದಿನ ಪ್ರತಿಜ್ಞೆ ಮಾಡುತ್ತಿದ್ದಾಗ ಉಲ್ಕಾಸೇನ ನಡುವೆಯೇ ನಿಲ್ಲಿಸಿ, “ವಜ್ರಕೇತು, ನಮ್ಮ ಈ ವೈರಕ್ಕೆ ಕಾರಣವೇನೆಂದು ನಿನಗೆ ನೆನಪಿದೆಯೇ?” ಎಂದು ಕೇಳಿದ. ವಜ್ರಕೇತು ಬಹಳ ಹೊತ್ತು ಯೋಚಿಸಿ, “ಇದು ಸಾವಿರಾರು ವರ್ಷಗಳ ವೈರ,” ಎಂದ. “ಅದು ನನಗೂ ತಿಳಿದಿದೆ. ಕಾರಣ?” ಇಬ್ಬರೂ ಮಾವನವರತ್ತ ತಿರುಗಿದರು. ಮಾವನವರು ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತ, “ವೈರ ಅಂದ್ರ ವೈರ. ಅದಕ್ಕೇನ ಕಾರಣ ಕೇಳ್ತೀರಿ, ಸುಮ್ನ ಉಣ್ರಿ,” ಎಂದರು.

ಕತೆಯನ್ನು ನಾನು ಮೊದಲ ದಿನವೇ ಓದಿದ್ದೆ. ಕತೆ ಚೆನ್ನಾಗಿರಲಿಲ್ಲ. ಶನಿಯ ಬಳೆಯ ಮೇಲೆ ಎರಡು ಸೇನೆಗಳು ಎದುರಾಗುತ್ತವೆ. ಕಾವಲುಗಾರ “ಶತ್ರುಗಳು ಬಂದರು” ಎಂದು ಕೂಗುತ್ತಾನೆ. ಮುಂದಿನ ವಾಕ್ಯದಲ್ಲಿ ಕಿರಣ ತಾಗಿ ಬೂದಿಯಾಗುತ್ತಾನೆ. ಆಮೇಲೆ ಸೇನಾಧಿಪತಿಗಳು ಪುಟಗಟ್ಟಲೆ ಒಬ್ಬರಿಗೊಬ್ಬರು ಸವಾಲು ಹಾಕುತ್ತಾರೆ. ಇಬ್ಬರ ಮಾತನ್ನೂ ಅದಲುಬದಲು ಮಾಡಿದರೂ ಗೊತ್ತಾಗುವಂತಿರಲಿಲ್ಲ. ಕೊನೆಯ ಪುಟದಲ್ಲಿ ವಿದ್ಯುಲ್ಲತೆ ಬಂದು ‘ಅಸ್ತ್ರ ಸಿದ್ಧವಾಗಿದೆ’ ಎಂದು ಹೇಳಿ ಕೆಂಪು ಗುಂಡಿ ಒತ್ತುತ್ತಾಳೆ. ಬಳೆ ಒಡೆದು, ಎರಡೂ ಸೇನೆಗಳು, ಅವಳೂ ಸೇರಿ ಎಲ್ಲ ಭಸ್ಮ. ‘ಯುದ್ಧವು ಮುಗಿಯಿತು’ ಎಂಬಲ್ಲಿಗೆ ಕತೆ ಮುಗಿಯುತ್ತದೆ. ಆ ಅಸ್ತ್ರ ಹೇಗೆ ಕೆಲಸ ಮಾಡುತ್ತದೆಂದು ನಾನು ವಿದ್ಯುಲ್ಲತೆಯನ್ನೇ ಒಮ್ಮೆ ಕೇಳಿದೆ. “ನನಗೆ ತಿಳಿಯದು. ಕೆಂಪು ಗುಂಡಿಯೊಂದಿದೆ,” ಎಂದಳು. ಸಂಕೋಚದಿಂದ ಅವಳ ಕಣ್ಣುಗಳು ಒಮ್ಮೆ ಮಂದವಾಗಿ ಮತ್ತೆ ಹೊತ್ತಿದವು.

ತಮ್ಮ ಕತೆಯ ಕೊನೆ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಂದವರಿಗೆ ಎಂದೂ ಗೊತ್ತಿರುವುದಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ. ಮಾವನವರಿಗೆ ಕತೆ ಚೆನ್ನಾಗಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಎರಡೂ ಇಲ್ಲದವಳು ವಿಮರ್ಶೆ ಬರೆಯಲು ಕೂತೆ. ಸುಳ್ಳು ಬರೆಯಬಾರದೆಂದು ಒಂದೊಂದು ವಾಕ್ಯವನ್ನೂ ತೂಗಿ ಬರೆದೆ. ‘ಕತೆಗೆ ಆರಂಭ, ನಡು, ಕೊನೆ ಮೂರೂ ಇವೆ. ಅಕ್ಷರದೋಷಗಳು ಕಾಣಲಿಲ್ಲ. ಲೇಖಕರ ಕಲ್ಪನೆ ಶನಿಗ್ರಹದವರೆಗೆ ಹೋಗಿದೆ. ಯುದ್ಧ ಬೇಡವೆಂಬ ಸಂದೇಶವಿದೆ.’ ಇಷ್ಟಕ್ಕೆ ಬಿಟ್ಟಿದ್ದರೂ ಏನಾಗುತ್ತಿತ್ತೋ. ಆದರೆ ಬರೆಯುವಾಗ ಮಾವನವರು ಎರಡು ಸಲ ಹಿಂದಿನಿಂದ ಕೆಮ್ಮುತ್ತ ಹಾದುಹೋದರು. ‘ಓದಿ ಮುಗಿಸಿದ ಮೇಲೂ ಕತೆ ನನ್ನನ್ನು ಬಹುಕಾಲ ಕಾಡಿತು’ ಎಂದು ಒಂದು ವಾಕ್ಯ ಸೇರಿಸಿದೆ.

ಮಂಗಳವಾರ ಅದು ಅಚ್ಚಾಯಿತು. ಮಾವನವರು ಪತ್ರಿಕೆಯನ್ನು ಮಡಚಿ ಜೇಬಿನಲ್ಲಿ ಕಾಣುವಂತೆ ಇಟ್ಟುಕೊಂಡು ಪೇಟೆಗೆ ಎರಡು ಸುತ್ತು ಹಾಕಿಬಂದರು. ಅತ್ತೆ ನಾಲ್ವರಿಗೂ ಬುತ್ತಿ ಕಟ್ಟಿಕೊಟ್ಟರು. ಮಧ್ಯಾಹ್ನದ ಬಸ್ಸಿಗೆ ಅವರನ್ನು ಹತ್ತಿಸಿ ಬಂದು ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಕಾವಲುಗಾರ ಕಿಟಕಿಯಿಂದ ಕೈ ಬೀಸಿದ್ದ. ಮುಖ ನೆನಪಾಗಲಿಲ್ಲ, ಅಂಗಿಯ ತೋಳು ಮಾತ್ರ ಕಣ್ಣಲ್ಲಿತ್ತು.

ಸಂಜೆಯ ಬಸ್ಸಿಗೆ ನಾಲ್ವರೂ ಮರಳಿ ಬಂದರು. ಬುತ್ತಿ ಉಂಡಿದ್ದರು. ಪೇಟೆಯ ಜನವೆಲ್ಲ ಸಾಲಾಗಿ ನಿಂತು ಅವರು ನಮ್ಮ ಮನೆಯವರೆಗೆ ನಡೆದುಬರುವುದನ್ನು ನೋಡಿತು. ಸೊಸೆಗೆ ಮಾವನ ಕತೆ ಸೇರಿಲ್ಲವೆಂಬುದು ಊರಿಗೆಲ್ಲ ಡಂಗುರ ಹೊಡೆದಂತೆ ಗೊತ್ತಾಯಿತು. ಉಲ್ಕಾಸೇನ ಕ್ರೂರವಾಗಿ ನಗುತ್ತ, “ಮನ್ನಿಸಿರಿ ಹಿರಿಯರೇ, ಊರ ಗಡಿ ದಾಟಿದ ಮೇಲೆ ಬಸ್ಸು ತಾನಾಗಿಯೇ ತಿರುಗಿತು,” ಎಂದು ಮಾವನವರಿಗೆ ಹೇಳಿದ. ಆ ನಗೆ ಸರಿಯಾದ ಹೊತ್ತಿಗೆ ಬಂದದ್ದು ಅದೊಂದೇ ಸಲ. ಮಾವನವರು ಜೇಬಿನಿಂದ ಪತ್ರಿಕೆ ತೆಗೆದು ಕಟ್ಟಿಗೆ ಒಟ್ಟುವ ಜಾಗದಲ್ಲಿಟ್ಟು ಒಳಗೆ ಹೋದರು. ಮರುದಿನದಿಂದ ನನ್ನ ಜೊತೆ ಮಾತು ಬಿಟ್ಟರು. ಚಹಾ ಬೇಕಾದರೆ ಕಂಬಕ್ಕೆ ಹೇಳುತ್ತಿದ್ದರು. ಕಂಬದ ಆಚೆ ಈಚೆ ಇದ್ದ ಸೇನಾಧಿಪತಿಗಳು ಅದು ತಮಗೆ ಕೊಟ್ಟ ಆಜ್ಞೆಯೆಂದು ತಿಳಿದು ಇಬ್ಬರೂ ಏಳುತ್ತಿದ್ದರು.

ಅಮಾವಾಸ್ಯೆ ಮುಂದಿನ ಬುಧವಾರವಿತ್ತು. ಮೊದಲು ಮಸುಕಾದವನು ಕಾವಲುಗಾರ. ಅವನನ್ನು ಮೊದಲೇ ತೆಳ್ಳಗೆ ಬರೆದಿದ್ದರಲ್ಲ. ಶುಕ್ರವಾರ ಅವನು ನೀರು ಸೇದಿಕೊಂಡು ಬರುವಾಗ ಬಿಸಿಲಲ್ಲಿ ಕೊಡವೂ ಗೀಟಿನ ಅಂಗಿಯೂ ಮಾತ್ರ ಬರುತ್ತಿರುವಂತೆ ಕಂಡಿತು. ಅತ್ತೆ ಅವನನ್ನು ನೆರಳಿಗೆ ಕರೆದು ಕೂಡಿಸಿ ಬೆಲ್ಲ ನೀರು ಕೊಟ್ಟರು. ಅವನು ಕುಡಿದು, “ತಾಯೇ, ಶತ್ರುಗಳು ಬಂದರು ಎಂದು ನಾನು ಕೂಗುತ್ತೇನೆ. ಅಷ್ಟು ಮಾತ್ರ ನನಗೆ ಗೊತ್ತಿದೆ. ಕೂಗಿದ ಮೇಲೆ ನಾನು ಏನು ಮಾಡುತ್ತೇನೆ?” ಎಂದು ಕೇಳಿದ. ಅತ್ತೆ, “ತಡಿ, ಓದಿ ಹೇಳ್ತೀನಿ,” ಎಂದರು. ಮದುವೆಯಾದಂದಿನಿಂದ ಅವರು ಗಂಡ ಬರೆದದ್ದು ಯಾವುದನ್ನೂ ಓದಿದವರಲ್ಲ. ಕನ್ನಡಕ ಹಾಕಿಕೊಂಡು ಕಟ್ಟಿಗೆಯ ಪಕ್ಕದ ಹಳೆಯ ಪತ್ರಿಕೆಗಳಲ್ಲಿ ಕತೆ ಬಂದ ಸಂಚಿಕೆ ಹುಡುಕಿ, ನಿಂತೇ ಓದಿದರು. ಓದಿ ಮುಗಿಸಿ ನೇರ ನಡುಮನೆಗೆ ಬಂದರು.

“ಅಲ್ರೀ, ಆ ಬಡಪಾಯಿ ನಿಮಗೇನ ಮಾಡಿದ್ದ? ಒಂದ ಸಲ ಒದರಿದ್ದಕ್ಕ ಸುಟ್ಟ ಬಿಟ್ರಿ?”

ಮಾವನವರು ಬೆಚ್ಚಿದರು. “ಅದು ಯುದ್ಧ. ಯುದ್ಧದಾಗ ಮಂದಿ ಸಾಯ್ತಾರ.”

“ಉಳಿದಾರೂ ಯಾರೂ ಇಲ್ಲಲ್ಲ. ಎಲ್ಲಾರನೂ ಬೂದಿ ಮಾಡೀರಿ. ಈ ಹುಡಿಗೀ ಕೈಲೆ ಮಾಡಸೀರಿ.”

“ಯುದ್ಧ ಬ್ಯಾಡ ಅನ್ನೂ ಸಂದೇಶ ಐತಿ ಅದ್ರಾಗ. ನಿನಗ ತಿಳಿಯೂದಿಲ್ಲ.”

“ಸಂದೇಶ ಇದ್ರ ಕಾರ್ಡಿನ ಮ್ಯಾಲ ಬರದು ಹಾಕ್ರಿ. ಮಂದೀನ ಯಾಕ ಸುಡ್ತೀರಿ?”

ಇಷ್ಟೂ ಮಾತು ನಾಲ್ವರ ಎದುರಿಗೇ ಆಯಿತು. ವಜ್ರಕೇತು ನಿಧಾನವಾಗಿ ಎದ್ದು ನಿಂತು, “ಹಿರಿಯರೇ, ಗೆಲುವು ಯಾರದೆಂದು ಮಾತ್ರ ಹೇಳಿರಿ,” ಎಂದ. ಉಲ್ಕಾಸೇನ ಕಂಬ ದಾಟಿ ಬಂದು ವಜ್ರಕೇತುವಿನ ಪಕ್ಕದಲ್ಲಿ ನಿಂತ. ವಿದ್ಯುಲ್ಲತೆ ತನ್ನ ಬಲಗೈಯ ಬೆರಳನ್ನು ನೋಡಿಕೊಳ್ಳುತ್ತ ಕೂತಿದ್ದಳು.

ಅಚ್ಚಾದ ಕತೆಗೆ ಬರೆದವರೇ ತಿದ್ದುಪಡಿ ಹಾಕಲು ಅವಕಾಶವಿದೆ. ಆದರೆ ನಮ್ಮೂರ ಕತೆಗಾರರು ಪ್ರಾಣ ಬೇಕಾದರೆ ಕೊಟ್ಟಾರು, ತಿದ್ದುಪಡಿ ಕೊಟ್ಟವರಿಲ್ಲ. ಮಾವನವರು ಕೊಡುತ್ತಾರೆಂಬ ಆಸೆ ನನಗಿರಲಿಲ್ಲ. ಆದರೂ ಶನಿವಾರ ಮತ್ತೆ ವಿಮರ್ಶೆ ಬರೆದೆ. ಈ ಸಲ ತೂಗಲಿಲ್ಲ. ಕೊಟ್ರಯ್ಯನವರಿಗೆ ಕೊಡುವ ಮೊದಲು ಮನೆಯಲ್ಲೇ ಓದಿಬಿಡುವುದು ವಾಸಿ ಎಂದು ಭಾನುವಾರ ಊಟವಾದ ಮೇಲೆ ಮಾವನವರ ಎದುರಿಗೆ ಹೋಗಿ ನಿಂತೆ. ಅವರು ಕಂಬದ ಕಡೆ ತಿರುಗಿ ಕೂತರು. ನಾನು ಕಂಬಕ್ಕೇ ಓದಿ ಹೇಳಿದೆ.

‘ಈ ಕತೆ ನನಗೆ ಸೇರಲಿಲ್ಲ. ಎರಡು ಸೇನೆಗಳು ಯಾಕೆ ಹೊಡೆದಾಡುತ್ತವೆಂದು ಲೇಖಕರಿಗೆ ಗೊತ್ತಿಲ್ಲ, ಆದ್ದರಿಂದ ಓದುಗರಿಗೂ ಗೊತ್ತಾಗುವುದಿಲ್ಲ. ಇಬ್ಬರು ಸೇನಾಧಿಪತಿಗಳು ಒಬ್ಬನೇ ಮನುಷ್ಯ ಎರಡು ಅಂಗಿ ತೊಟ್ಟಂತೆ ಇದ್ದಾರೆ. ಆರಂಭದಲ್ಲಿ ಒಬ್ಬ ಕಾವಲುಗಾರ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾನೆ. ಇಡೀ ಕತೆಯಲ್ಲಿ ನನಗೆ ಕಂಡ ಮನುಷ್ಯ ಅವನೊಬ್ಬನೇ. ಅವನನ್ನು ಕೂಡಲೇ ಕೊಂದಿದ್ದಾರೆ. ಆಮೇಲೆ ಕತೆಯಲ್ಲಿ ನನ್ನ ಗುರುತಿನವರು ಯಾರೂ ಉಳಿಯಲಿಲ್ಲ. ಕೊನೆಯ ಪುಟ ಕತೆಯ ಕೊನೆಯಲ್ಲ. ಲೇಖಕರಿಗೆ ಸಾಕಾಗಿ ಎದ್ದುಹೋದದ್ದು.’

ಓದಿ ಮುಗಿಸಿ ಕಾಗದ ಮಡಚಿದೆ. ಕಾವಲುಗಾರ ಕೈ ಉಜ್ಜುತ್ತಿದ್ದ. ಮಾವನವರು, “ಸಾಕಾಗಿ ಎದ್ದುಹೋದದ್ದು ಅಂತ ನಿನಗ ಯಾರ ಹೇಳಿದ್ರು?” ಎಂದು ನನ್ನ ಕಡೆ ತಿರುಗಿದರು.

“ಯಾರೂ ಹೇಳಿಲ್ರಿ ಮಾವಾರ. ಓದಿದ್ರ ಹಂಗ ಅನಸ್ತದ.”

“ಹೌದು,” ಎಂದರು. ದನಿ ಸಣ್ಣದಾಗಿತ್ತು. “ಮುಂದ ಏನ ಮಾಡಬೇಕಂತ ತಿಳೀದ ಮುಂಜಾನಿಂದ ಕುಂತಿದ್ದೆ. ಒಳಗಿಂದ ನಿಮ್ಮ ಅತ್ತಿ ಕರದ್ಲು, ಉಣ್ಣಾಕ ಬರ್ತೀರೋ ಇಲ್ಲೋ, ಜುಣಕ ಆರತೈತಿ ಅಂತ. ಎರಡ ಸಲ ಕರದ್ಲು. ಮೂರನೇ ಸಲಕ್ಕ ಗುಂಡಿ ಒತ್ತಿಸಿಬಿಟ್ಟೆ.”

ಅತ್ತೆ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. “ಅಂದ್ರ ಇಷ್ಟೂ ಮಂದೀನ ಕೊಂದಾಕಿ ನಾನ?” ಎಂದರು.

“ನೀನಲ್ಲ. ಜುಣಕ,” ಎಂದರು ಮಾವನವರು.

ಮೊದಲು ನಕ್ಕವನು ವಜ್ರಕೇತು. ಅವನ ವರ್ಣನೆಯಲ್ಲಿ ನಗೆ ಇರಲಿಲ್ಲವಾದ್ದರಿಂದ ಅದು ಎಲ್ಲಿಂದ ಬಂತೋ ತಿಳಿಯದೆ ಅವನೇ ಗಾಬರಿಯಾದ. ಆ ಮಧ್ಯಾಹ್ನವೇ ಮಾವನವರು ಹಲಗೆ, ಕಾಗದ ತೆಗೆದುಕೊಂಡು ಪಡಸಾಲೆಯಲ್ಲಿ ಕೂತರು. ನಾಲ್ವರೂ ಸುತ್ತ ಕೂತರು. ಕೊನೆಯನ್ನು ಬೇರೆ ಬರೆಯಬೇಕೆಂಬುದು ಎಲ್ಲರಿಗೂ ಒಪ್ಪಿಗೆಯಾಯಿತು, ಏನು ಬರೆಯಬೇಕೆಂಬುದು ಯಾರಿಗೂ ಆಗಲಿಲ್ಲ. ವಜ್ರಕೇತುವಿಗೆ ನೀಲಿ ಸೇನೆ ಗೆಲ್ಲಬೇಕಿತ್ತು. ಉಲ್ಕಾಸೇನನಿಗೆ ಕೆಂಪು ಸೇನೆ ಗೆಲ್ಲಬೇಕಿತ್ತು, ಆದರೆ ವಜ್ರಕೇತುವಿಗೆ ಬಹಳ ಪೆಟ್ಟಾಗಬಾರದಿತ್ತು. ಕೂತಲ್ಲೇ ಜಗಳವಾಯಿತು. ಅದುವರೆಗೆ ಸುಮ್ಮನಿದ್ದ ವಿದ್ಯುಲ್ಲತೆ, “ಹಿರಿಯರೇ, ಗುಂಡಿ ಒತ್ತುವವಳು ನಾನಲ್ಲವೇ? ನಾನು ಒತ್ತುವುದಿಲ್ಲ ಎಂದರೆ?” ಎಂದಳು.

“ನೀ ಒತ್ತೀದಿ ಅಂತ ನಾ ಬರದೀನಿ, ತಂಗಿ.”

“ಏಕೆ ಒತ್ತಿದೆನೆಂದು ಬರೆದಿಲ್ಲ. ನಾನು ಹಲವು ದಿನಗಳಿಂದ ಯೋಚಿಸುತ್ತಿದ್ದೇನೆ. ನನಗೆ ಒಂದೂ ಕಾರಣ ಸಿಗಲಿಲ್ಲ.”

ಮಾವನವರು ಪೆನ್ನು ಕೆಳಗಿಟ್ಟರು. ನಲವತ್ತು ವರ್ಷ ಹುಡುಗರಿಗೆ ಡ್ರಾಯಿಂಗ್ ಹೇಳಿಕೊಟ್ಟ ಮನುಷ್ಯ, ತಾನು ಬರೆದ ಹುಡುಗಿಯನ್ನು ಆವತ್ತು ಮೊದಲ ಸಲ ಸರಿಯಾಗಿ ನೋಡಿದರೆಂದು ನನಗನಿಸಿತು. ಸೋಮವಾರ ಬೆಳಿಗ್ಗೆ ಅವರು ಕೊಟ್ರಯ್ಯನವರಿಗೆ ಕೊಟ್ಟ ತಿದ್ದುಪಡಿಯಲ್ಲಿ ಎರಡೇ ಸಂಗತಿಗಳಿದ್ದವು. ಕೊನೆಯ ಪುಟ ರದ್ದು. ಕಾವಲುಗಾರನಿಗೆ ಕಿರಣ ತಾಗುವ ವಾಕ್ಯದ ಬದಲು ಅವನ ವರ್ಣನೆ. ಅದಕ್ಕಾಗಿ ಅವನನ್ನು ಕಿಟಕಿಯ ಬೆಳಕಿನಲ್ಲಿ ಕೂಡಿಸಿ, ಕಂಡೂ ಕಾಣದ ಆ ಮುಖವನ್ನು ಕಣ್ಣು ಕಿರಿದು ಮಾಡಿ ನೋಡುತ್ತ ಒಂದು ಇಡೀ ಸಂಜೆ ಬರೆದಿದ್ದರು. ಅತ್ತೆ ಪಕ್ಕದಲ್ಲಿ ನಿಂತು, “ಮೀಸಿ ಇರ್ಲಿ. ಹಣಿ ಅಗಲ ಮಾಡ್ರಿ. ಹೆಸರು ಸೋಮಲಿಂಗ ಅಂತ ಹಾಕ್ರಿ, ದಿನಾ ಕೇಳಿ ಕೇಳಿ ನನಗೂ ಸಾಕಾಗೇತಿ,” ಎನ್ನುತ್ತಿದ್ದರು.

ಮಂಗಳವಾರ ಪತ್ರಿಕೆ ಬಂದಾಗ ನೀರು ತರುತ್ತಿದ್ದ ಅಂಗಿಯ ಮೇಲೆ ಒಂದು ಮುಖ ಬಂತು. ಅಗಲ ಹಣೆ, ದಪ್ಪ ಮೀಸೆ, ಸ್ವಲ್ಪ ಹೊಟ್ಟೆ. ಅತ್ತೆ ಅವನನ್ನು ನೋಡಿ, “ಬಾ ಸೋಮಲಿಂಗಾ, ಚಹಾ ಕುಡಿ,” ಎಂದರು, ಹುಟ್ಟಿದಾಗಿನಿಂದ ಗೊತ್ತಿದ್ದವರ ಹಾಗೆ. ನನ್ನ ವಿಮರ್ಶೆಯೂ ಅದೇ ಸಂಚಿಕೆಯಲ್ಲಿತ್ತು. ಮೊದಲು ಬರೆದದ್ದನ್ನು ಹಾಗೇ ಇಟ್ಟು, ಕೊನೆಯ ಪುಟ ತೆಗೆದ ಮೇಲೆ ಕತೆ ಮುಗಿದಂತಾಗಲಿಲ್ಲ, ಆದರೂ ಮೊದಲಿಗಿಂತ ವಾಸಿ ಎಂದು ಸೇರಿಸಿದ್ದೆ. ಮಧ್ಯಾಹ್ನದ ಬಸ್ಸಿಗೆ ಅವರು ಹೋದರು. ಈ ಸಲ ಬಸ್ಸು ತಿರುಗಲಿಲ್ಲ.

ಅವತ್ತು ಸಂಜೆ ಅತ್ತೆ ಬಡಿದ ರೊಟ್ಟಿ ಬಹಳಷ್ಟು ಉಳಿದವು. ಅವರು ಬುಟ್ಟಿಯನ್ನು ಮಾವನವರ ಮುಂದೆ ತಂದಿಟ್ಟು, “ಕತಿ ಮುಗದಿಲ್ಲ ಅಂತ ಪೇಪರಿನ್ಯಾಗ ಬಂದೇತಲ್ಲ. ಮುಂದಿಂದು ಬರೀರಿ. ಮಂಗಳವಾರ ಅವರು ಬರ್ಲಿ,” ಎಂದರು. ಕೇಳಿದ್ದಲ್ಲ, ಹೇಳಿದ್ದು. ಹಾಗೆ ನಮ್ಮೂರಿಗೆ ಮೊದಲ ಧಾರಾವಾಹಿ ಬಂತು. ಧಾರಾವಾಹಿಯಾದ್ದರಿಂದ ಅವರು ಆಯಾ ಕಂತನ್ನು ಅಲ್ಲಿ ಮುಗಿಸಿಕೊಂಡೇ ನಮ್ಮೂರ ಬಸ್ಸು ಹತ್ತುತ್ತಿದ್ದರು. ಎರಡನೆಯ ಕಂತಿನಲ್ಲಿ ಏನೂ ಆಗಲಿಲ್ಲ. ಸೋಮಲಿಂಗ ಶನಿಯ ಬಳೆಯ ಮೇಲೆ ಚಹಾ ಕಾಸಿದ, ಎರಡೂ ಸೇನೆಯವರು ಕುಡಿದರು. ನಾಲ್ವರೂ ಕೈತುಂಬ ಶನಿಯ ಕಲ್ಲುಗಳನ್ನು ತಂದು ಅತ್ತೆಗೆ ಕೊಟ್ಟರು. ಯುದ್ಧದ ಕತೆಯಲ್ಲಿ ಯುದ್ಧವೇ ಇಲ್ಲ, ಲೇಖಕರು ತಮ್ಮ ಪಾತ್ರಗಳನ್ನು ಮನೆಯ ನೆಂಟರಂತೆ ನೋಡಿಕೊಂಡರೆ ಕತೆ ಮುಂದೆ ಹೋಗುವುದಿಲ್ಲ ಎಂದು ನಾನು ಬರೆದೆ. ಮನಸ್ಸಿನಲ್ಲಿದ್ದದ್ದೇ ಬರೆದೆ. ಅವರು ನೆಮ್ಮದಿಯಾಗಿ ಹೋದರು.

ಮುಂದಿನ ಮಂಗಳವಾರ ಬಸ್ಸಿನಿಂದ ಮೊದಲು ಇಳಿದ ವಜ್ರಕೇತುವಿನ ಎಡಗೈಯನ್ನು ಬಟ್ಟೆಯಿಂದ ಕುತ್ತಿಗೆಗೆ ಕಟ್ಟಲಾಗಿತ್ತು. ಹಿಂದೆ ಉಲ್ಕಾಸೇನ ಅವನ ಚೀಲವನ್ನೂ ಹೊತ್ತುಕೊಂಡು ಇಳಿದ. ಅತ್ತೆ ಬಟ್ಟೆಯನ್ನು ನೋಡಿ, ಮಾವನವರ ಕಡೆಗಲ್ಲ, ನನ್ನ ಕಡೆಗೆ ತಿರುಗಿದರು. “ಯುದ್ಧ ಇಲ್ಲ ಅಂತ ಬರದಾಕಿ ನೀನ ಅಲ್ಲ?”

ವಿಮರ್ಶೆಗೆ ಹೆದರಿ ಯಾರಾದರೂ ಬರೆಯುವ ರೀತಿ ಬದಲಿಸಿದ್ದು ನಮ್ಮೂರಲ್ಲಿ ಅದೇ ಮೊದಲು. ಮನೆಗೆ ಬಂದು ನಾನೇ ಬಿಸಿನೀರು ಕಾಸಿ, ಅರಿಸಿನ ಹಚ್ಚಿ ಅವನ ಕೈಗೆ ಬೇರೆ ಬಟ್ಟೆ ಕಟ್ಟಿದೆ. ಅವನು ಹಲ್ಲು ಕಚ್ಚಿಕೊಂಡೇ, “ಆ ಭಾಗ ಓದೀರೇನ್ರಿ ಅಕ್ಕಾರ?” ಎಂದು ಕೇಳಿದ. ಮಾವನವರು ಧಾರಾವಾಹಿಯಲ್ಲಿ ಅವರಿಗೆ ನಮ್ಮ ಮಾತನ್ನೇ ಬರೆಯತೊಡಗಿದ್ದರು. “ಉಲ್ಕ್ಯಾ ನನಗ ಹೊಡ್ಯಾಕ ಕೈ ಎತ್ತತಾನ. ಎತ್ತಿದ ಮ್ಯಾಲ ಅವನ ಕಣ್ಣಾಗ ನೀರ ಬರತಾವ. ನಗು ಮಾತ್ರ ಹಂಗ ಇರತೈತಿ. ಓದ್ರಿ ಒಂದ ಸಲ.” ಉಲ್ಕಾಸೇನ ಬಾಗಿಲ ಹೊರಗೆ ನಿಂತು ಬೇರೆ ಕಡೆ ನೋಡುತ್ತಿದ್ದ.

ಓದಿದೆ. ಎರಡು ಸಲ ಓದಿದೆ. ಚೆನ್ನಾಗಿತ್ತು. ನಗುಮುಖದ ಆ ಮನುಷ್ಯ ಹೊಡೆಯಲಾರದೆ ಹೊಡೆಯುವ ಜಾಗದಲ್ಲಿ ನಾನು ಪತ್ರಿಕೆ ಕೆಳಗಿಟ್ಟು ಬಾಗಿಲಾಚೆ ನಿಂತಿದ್ದ ಉಲ್ಕಾಸೇನನತ್ತ ನೋಡಿದೆ. ಚೆನ್ನಾಗಿದೆ ಎಂದು ಬರೆದರೆ ಮಾವನವರು ಇನ್ನೂ ಯಾರ ಕೈ ಮುರಿಯುತ್ತಾರೋ ಎಂಬ ಭಯವಾಯಿತು. ಇಲ್ಲವೆಂದು ಬರೆಯುವಂತಿರಲಿಲ್ಲ. “ಮಾವಾರ, ಅವನ ಕೈ ಲಗೂನ ಮಾಯೂಹಂಗ ಬರೀತೀರೇನ್ರಿ?” ಎಂದು ಕೇಳಿದೆ. “ವಿಮರ್ಶಕರು ಬರ್ಯಾವ್ರಿಗೆ ಹಿಂಗ ಬರಿ ಹಂಗ ಬರಿ ಅನ್ನಬಾರದು,” ಎಂದರು ಅವರು ಗಂಭೀರವಾಗಿ. ಒಳಗಿಂದ ಅತ್ತೆ, “ನಾ ಹೇಳ್ತೀನಿ. ಮಾಯೂಹಂಗ ಬರೀರಿ,” ಎಂದರು. ಮಾವನವರು ಪೆನ್ನು ತೆಗೆದುಕೊಂಡರು.

ಆ ವಾರದ ವಿಮರ್ಶೆಯಲ್ಲಿ ಕತೆ ಚೆನ್ನಾಗಿದೆ ಎಂದು ಬರೆದೆ. ಯಾವ ಸಾಲು, ಯಾಕೆ ಎಂದೂ ಬರೆದೆ. ಅದು ಅಚ್ಚಾದ ದಿನ ಮಾವನವರು ಪತ್ರಿಕೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಲಿಲ್ಲ, ಪೇಟೆಗೆ ಸುತ್ತು ಹಾಕಲಿಲ್ಲ. ನಾಲ್ವರನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದ ಮೇಲೆ ಮನೆಗೂ ಬರಲಿಲ್ಲ. ಗ್ರಂಥಾಲಯ ಮುಚ್ಚಿ ಬರುವಾಗ ನೋಡಿದರೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಊಟ ಮಾಡಿದಂತಿರಲಿಲ್ಲ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ನನ್ನ ಹೊಗಳಿಕೆ ಸುಳ್ಳಾಗಿದ್ದರೆ ನಾಲ್ವರೂ ಸಂಜೆಯ ಬಸ್ಸಿಗೆ ಮರಳಬೇಕಿತ್ತು.

ಸಂಜೆಯ ಬಸ್ಸು ಬಂತು. ಸಂತೆ ಮುಗಿಸಿದ ಹೆಂಗಸರು ಇಳಿದರು, ಬ್ಯಾಂಡಿನವರು ಇಳಿದರು, ಒಂದು ಆಡು ಇಳಿಯಿತು. ಆಮೇಲೆ ಯಾರೂ ಇಳಿಯಲಿಲ್ಲ. ಮಾವನವರು ಎದ್ದು ಬಸ್ಸು ಹತ್ತಿದರು. ಕಂಡಕ್ಟರು ಏನೋ ಕೇಳಿದ, ಅವನಿಗೆ ಉತ್ತರ ಕೊಡದೆ ಒಂದೊಂದು ಸೀಟನ್ನೂ ಬಗ್ಗಿ ನೋಡುತ್ತ ಕೊನೆಯ ಸಾಲಿನವರೆಗೆ ಹೋದರು. ಕೆಳಗಿಳಿದು ನನ್ನ ಮುಂದೆ ನಿಂತರು.

“ಯಾರೂ ಇಲ್ಲ, ಮಂದಾ,” ಎಂದರು.

ಅಷ್ಟು ಸಂತೋಷದಿಂದ ಆ ಮಾತು ಹೇಳಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ.